ಮೊಮ್ಮಗಳ ಬರಹ ಕಟ್ಟಿ ಮ್ಯಾಲ ಓದಿಸಿದ್ದು

ಇವತ್ತ ಮುಂಜಾನಿ ನನ್ನ ಮೊಮ್ಮಗಳು ಮತ್ತ ಬರಿಯಾಕ ಕೂತಾಳ. ಹದಿನೆಂಟು ದಿನ ಆದಮ್ಯಾಲ ನನ್ನ ಜೋಡಿ ಬಾಯಿ ತುಂಬ ಮಾತಾಡ್ಯಾಳ. ದೇವಾಪುರದಾಗ ಹತ್ತು ಮನಿಗಿ ಹೋಗಿ ಹೇಳಿ ಬಂದೆ. "ಏನವಾ, ಹುಡಿಗಿಗಿ ನೌಕರಿ ಸಿಕ್ತೇನು?" ಅಂತ ಕೇಳಿದ್ರು. ಇಲ್ಲ, ಮಾತಾಡ್ಯಾಳ ಅಂದ್ರ ನಕ್ಕರು. ನಗಲಿ. ನನ್ನ ಹೊಟ್ಯಾಗಿನ ಸಂತೋಷ ಅವರಿಗೇನು ಗೊತ್ತು. ಆದ್ರ ಸಿಟ್ಟು ಇನ್ನಾ ಆರಿಲ್ಲ. ಹೇಳಾಕ ಕೂತ್ರ ಸಂತೋಷಕಿಂತ ಮೊದಲ ಅದೇ ಬರತದ.

ಆಕಿ ಸುರಪುರದ ಕಾಲೇಜಿಗಿ ದಿನಾ ಬಸ್ಸಿಗಿ ಹೋಗತಾಳ. ಆಕಿ ಮೊಬೈಲ್‌ನ್ಯಾಗ ಬರಿಯೂದಕ್ಕಂತ ಒಂದು ಆಪ್ ಅದ. ಎರಡು ವರ್ಷ ಅದರಾಗ ಒಂದು ದಿನಾನೂ ಬಿಡದ ಬರದಾಳ. ಇವತ್ತ ಏನಾತು, ನಾಳೆ ಏನು ಮಾಡಬೇಕು, ಎಲ್ಲಾ. ನಾಳಿನ ಕೆಲಸದ ಮುಂದ ಒಂದು ಸಣ್ಣ ಚೌಕ ಇರತದ. ಕೆಲಸ ಆದಮ್ಯಾಲ ಬೆರಳಿನಿಂದ ಮುಟ್ಟಿದ್ರ ಅದರಾಗ ರೈಟ್ ಗುರ್ತು ಬೀಳತದ.

ನಾ ಸಾಲಿ ಕಲ್ತದ್ದು ಮೂರನೇತ್ತ ತನಕ ಅಷ್ಟ. ನಾ ಸೊಸಿಯಾಗಿ ಬಂದಾಗ ಈ ಮನ್ಯಾಗ ಕಾಗದ ಬಂದ್ರ ಅದು ಯಾರ ಹೆಸರಿಗಿ ಅಂತ ಕೇಳೂ ಪದ್ಧತಿ ಇರಲಿಲ್ಲ. ಓದಾಕ ಬರೂವರು ಕಟ್ಟಿ ಮ್ಯಾಲ ಕೂತು ಎಲ್ಲರಿಗಿ ಕೇಳೂಹಂಗ ಓದವರು. ನಮ್ಮವ್ವ ತವರಿನಿಂದ ನನಗ ಬರಿಸಿದ ಕಾಗದ ಸೈತ ಮಾವನೇ ಓದಿದ್ದ. ನಾ ಬಾಗಲ ಹಿಂದ ನಿಂತು ಕೇಳಿದೆ, ಓಣಿ ಮಂದಿ ಮುಂದ ನಿಂತು ಕೇಳಿತು. ಬರದದ್ದು ಅಂದ್ರ ಎಲ್ಲರದೂ ಅಂತ ತಿಳಕೊಂಡು ಇಲ್ಲಿತನಕ ಬಂದೀನಿ. ತನಗಷ್ಟ ಅಂತ ಒಬ್ಬರು ಬರಕೋತಾರ ಅನ್ನೂದು ನನ್ನ ತಲ್ಯಾಗ ಎಂದೂ ಬಂದಿರಲಿಲ್ಲ.

ಆ ಆಯ್ತವಾರ ಆಕಿ ತಲಿ ತೊಳಕೊಳ್ಳಾಕ ಹೋಗಿದ್ದಳು. ಮೊಬೈಲ್ ತೆರದೇ ಇತ್ತು. ಬಗ್ಗಿ ನೋಡಿದೆ, ಕನ್ನಡದಾಗ "ಆಯಿ" ಅಂತ ಬರದಿತ್ತು. ನನ್ನ ಬಗ್ಗೇನ ಬರದಾಳ ಅಂತ ಉಬ್ಬಿಬಿಟ್ಟೆ. ತಗೊಂಡು ಹೋಗಿ ಕಟ್ಟಿ ಮ್ಯಾಲ ಕೂತಿದ್ದ ಮಗನ, ಆಕಿ ಅಪ್ಪನ, ಕೈಯಾಗ ಕೊಟ್ಟು, "ಏನ್ ಬರದಾಳ, ಓದೋ" ಅಂದೆ. ನನ್ನ ಗಂಡ, ಆಕಿ ಮುತ್ಯಾ, ಅಲ್ಲೇ ಇದ್ದ. ಬಾಜೂ ಮನಿಯವರು ಇಬ್ಬರು ಕೂತಿದ್ದರು.

ಮಗ ದೊಡ್ಡ ದನಿ ತಗದ. "ಮುತ್ಯಾನ ಗೊರಕಿಗೆ ಇವತ್ತು ಬೆಕ್ಕು ಎದ್ದು ಹೊರಗೆ ಹೋಯಿತು." ಎಲ್ಲರೂ ನಕ್ಕರು. "ಆಯಿ ಗುಳಿಗೆ ನುಂಗದೇ ನುಂಗೀನಿ ಅಂತಾಳೆ, ನಾಳೆ ನಾನೇ ಬಾಯಿಗೆ ಹಾಕಬೇಕು." ನಾನೂ ನಕ್ಕೆ. "ಕ್ಲಾಸಿನಲ್ಲಿ ಎದ್ದು ಮಾತಾಡಲು ಹೋಗಿ ತಡವರಿಸಿದೆ. ಎಲ್ಲರೂ ನಕ್ಕರು. ಮನೆಗೆ ಬಂದು ಬಚ್ಚಲಲ್ಲಿ ಅತ್ತೆ." ಇದನ್ನ ನನ್ನ ಮಗ ನಾಟಕದವನಂಗ ಮೂಗಿನ್ಯಾಗ ಅಳಕೊಂತ ಓದಿದ. ಅದಕ್ಕೂ ನಕ್ಕರು. ಆವಾಗರ ನಾ ಕಸಗೋಬೇಕಾಗಿತ್ತು. ಕಸಗೊಳ್ಳಲಿಲ್ಲ.

ಮುಂದ ಓದಿದ. "ನಾಳೆ ಮಾಡುವುದು: ಅವ್ವನ ಜೊತೆ ಕೂತು ಊಟ." ಚೌಕ ಖಾಲಿ. ಮರುದಿನದ್ದೂ ಅದೇ, ಖಾಲಿ. ಅದರ ಮರುದಿನಾನೂ ಖಾಲಿ. ಕೆಳಗ, "ಅವ್ವ ಇವತ್ತೂ ಎಲ್ಲರದೂ ಆದಮೇಲೆ ಕೂತಳು. ಪಲ್ಯ ತೀರಿತ್ತು. ರೊಟ್ಟಿಗೆ ಖಾರ ಹಚ್ಚಿಕೊಂಡು ಉಂಡಳು. ಯಾರೂ ನೋಡಲಿಲ್ಲ."

ಬಾಜೂ ಮನಿಯವ, "ಏನಪಾ, ಹೆಂಡ್ತಿಗಿ ಪಲ್ಯ ಸೈತ ಉಳಸೂದಿಲ್ಲೇನು ನೀವು?" ಅಂದ. ಮಗನ ಮಾರಿ ಸಣ್ಣದಾತು.

ಅಷ್ಟರಾಗ ಆಕಿ ಹಸಿ ಕೂದಲಾಗ ಬಂದು ನಿಂತಳು. ತಪ್ಪು ಮಾಡಿದವ ಸುಮ್ಮನಿರಬೇಕಿಲ್ಲ? ಇವನೇ ಮ್ಯಾಲ ಬಿದ್ದ. "ಮನಿ ಮಾತು ಬರದು ಊರಿಗಿ ತಿಳಸ್ತಿ ಏನು?"

"ಊರಿಗಿ ಓದಿ ಹೇಳಿದವರು ಯಾರಪ್ಪಾ?" ಅಂದಳು. ಅಷ್ಟ. ಮೊಬೈಲ್ ತಗೊಂಡು ನಮ್ಮ ಕಣ್ಣ ಮುಂದನ ಎರಡು ವರ್ಷದ್ದು ಎಲ್ಲಾ ಅಳಿಸಿಬಿಟ್ಟಳು. ಅವತ್ತಿನಿಂದ ಕೇಳಿದ್ದಕ್ಕ ಹೂಂ, ಉಹೂಂ. ಬರಿಯೂದೂ ಇಲ್ಲ, ಮಾತೂ ಇಲ್ಲ. ಇನ್ನ ಮ್ಯಾಲ ಈ ಹುಡಿಗಿ ನಮ್ಮನ್ನ ನಂಬೂದಿಲ್ಲ ಅಂತ ನನಗ ಅನ್ನ ಇಳೀಲಿಲ್ಲ.

ಮಗನಿಗಿ ಹೇಳಿದೆ, "ಹೋಗಿ ತಪ್ಪಾತು ಅನ್ನು."

"ಕೊಟ್ಟಾಕಿ ನೀನೇ, ನಾ ಓದಿದೆ."

ಖರೇ ಮಾತು, ಅದಕ್ಕ ಇನ್ನಷ್ಟು ಸಿಟ್ಟು ಬಂತು. ನನ್ನ ಗಂಡ, "ಹುಡುಗರ ಸಿಟ್ಟು, ಎರಡು ದಿನ" ಅಂದ. ಎರಡು ಹೋಗಿ ಹತ್ತು ಆದವು.

ಹತ್ತನೇ ದಿನ ಗಂಡಸರ ಜೋಡಿ ನನಗೂ ತಾಟು ಹಾಕಿದಾಗ ನಾ ಏಳಲಿಲ್ಲ. "ಸೊಸಿ ಜೋಡಿ ಉಣ್ಣತೀನಿ" ಅಂದೆ. ಸೊಸಿ ಹೆದರಿ, "ಬ್ಯಾಡ್ರಿ ಅತ್ತಿ, ನನ್ನ ಬೈತಾರ" ಅಂದಳು. ಬೈಯಲಿ ಅಂದೆ. ಕಡೀಗಿ ನಾ, ಸೊಸಿ, ಮೊಮ್ಮಗಳು ಒಲಿ ಮುಂದ ಕೂತೆವು. ಬೋಗುಣ್ಯಾಗ ಬದನಿಕಾಯಿ ತೊಟ್ಟು ಎರಡು, ತಳದಾಗ ಎಣ್ಣಿ. ನಾ ಸೊಸಿಯಾಗಿದ್ದಾಗ ನಾನೂ ಇದನ್ನೇ ಉಂಡಾಕಿ, ಅತ್ತಿ ಆದಮ್ಯಾಲ ಮರತುಬಿಟ್ಟಿದ್ದೆ. ಇಷ್ಟು ವರ್ಷ ಈಕಿಗಿ ಕಡೀಗಿ ಕೂಡಿಸಿದಾಕಿ ನಾನೇ. ನನ್ನ ಮ್ಯಾಲ ನನಗ ಬಂದ ಸಿಟ್ಟನ್ನ ಮಗನ ಮ್ಯಾಲ ಹಾಕಿ ಹೊರಗ ಕೇಳೂಹಂಗ ಬೈದೆ. ದಿನಾ ಹಂಗ ಕೂತೆ, ದಿನಾ ಬೈದೆ. ಒಂದು ದಿನ ಮಗ ತಾನೇ ಎದ್ದು ಬಂದು ಬೋಗುಣಿ ನೋಡಿದ. ಹಂಗೇ ಹೊಳ್ಳಿ ಹೋದ.

ಇವತ್ತ ಮುಂಜಾನಿ ಮೊಮ್ಮಗಳು ಕಾಲೇಜಿಗಿ ಹೊರಟಾಗ ಮಗ ಬಾಗಲದಾಗ ನಿಂತು, "ತಪ್ಪಾತವಾ, ಓದಬಾರದಿತ್ತು" ಅಂದ.

"ಓದಿದ್ದು ಒಂದಲ್ಲಪ್ಪಾ. ನಾ ಅತ್ತದ್ದನ್ನ ಆಡಿ ತೋರಿಸಿ ನಗಿಸಿದಿ."

ತಲಿ ಕೆಳಗ ಹಾಕಿ, "ಹೌದು, ಮಾಡಿದೆ" ಅಂದ.

ಆಮ್ಯಾಲ ಆಕಿ ನನ್ನ ಹಂತ್ಯಾಕ ಬಂದು, "ಆಯಿ, ನಿಂದೂ ತಪ್ಪು" ಅಂದಳು.

"ನಂದೇ ಮೊದಲ ತಪ್ಪು."

"ಇನ್ನೊಮ್ಮಿ ನನ್ನ ಮೊಬೈಲ್ ಮುಟ್ಟತಿ?"

"ಬಾವ್ಯಾಗ ಬಿದ್ರೂ ಎತ್ತಂಗಿಲ್ಲ."

ನಕ್ಕಳು. ಬಸ್ ಹೋತು, ಹೋಗಲಿ ಅಂದಳು. ನನ್ನ ಮೊಬೈಲ್‌ನ್ಯಾಗೂ ಅದೇ ಆಪ್ ಹಾಕಿ, ಮೈಕ್ ಒತ್ತಿ ಮಾತಾಡಿದ್ರ ಅಕ್ಷರ ತಾವೇ ಬೀಳೂದು ತೋರಿಸಿ, ಅದಕ್ಕೊಂದು ಬೀಗ ಇಟ್ಟುಕೊಟ್ಟಳು. ಆಮ್ಯಾಲ ಗ್ವಾಡಿಗಿ ಬೆನ್ನು ಹಚ್ಚಿ ತನ್ನದು ಬರಿಯಾಕ ಕೂತಳು. ಏನು ಬರದಳೋ, ನಾ ಕೇಳಲಿಲ್ಲ. ಅಳಿಸಿದ ಎರಡು ವರ್ಷ ತಿರಗಿ ಬರೂದಿಲ್ಲ. ಆ ಸಿಟ್ಟು ನನ್ನ ಜೋಡೀನ ಹೋಗಲಿ.

ಸಂಜೀಕ ಸೊಸಿಗಿ ರೊಟ್ಟಿ ಎಲ್ಲಾ ಮೊದಲ ಬಡದು ಬುಟ್ಟ್ಯಾಗ ಇಡು ಅಂದೆ. ಐದೂ ಮಂದಿ ಪಡಸಾಲ್ಯಾಗ ದುಂಡಗ ಕೂತೆವು. "ಬಿಸಿ ಇಲ್ಲಲ್ಲ" ಅಂತ ನನ್ನ ಗಂಡ ಗೊಣಗಿದ. "ಹಲ್ಲಿದ್ರ ಅಲ್ಲರಿ ಬಿಸಿ ತಣ್ಣಂದು, ಹಾಲಾಗ ಹಾಕ್ಕೊಂಡು ಉಣ್ರಿ" ಅಂದೆ. ಸೊಸಿ ನಾಚಿ ಅಂಚಿಗಿ ಕೂತಿದ್ದಳು, ಮೊಮ್ಮಗಳು ಆಕಿ ಕೈ ಹಿಡಿದು ಒಳಗ ಸರಿಸಿಕೊಂಡಳು. ಮಗ ಪುಂಡಿಪಲ್ಯದ ಬೋಗುಣಿ ಎತ್ತಿ ಮೊದಲ ಹೆಂಡ್ತಿ ತಾಟಿಗಿ ಹಾಕಿದ, ರೂಢಿ ಇಲ್ಲದ ಕೈ, ಅರ್ಧ ನೆಲಕ್ಕ ಬಿತ್ತು. ಯಾರೂ ನಗಲಿಲ್ಲ. ಎಲ್ಲರೂ ಉಂಡೆವು.