ಹೆಸರುಬೇಳೆ ತಿನ್ನದ ಹಕ್ಕಿ

ನಮ್ಮ ಮನೆಯ ಹಕ್ಕಿ ಊರು ನೆನೆದು ಕೊರಗಿ ಸತ್ತಿತು ಎಂದು ಅಪ್ಪ ಇಂದಿಗೂ ಹೇಳುತ್ತಾರೆ. ಕುವೈತಿನ ಕನ್ನಡದವರ ಊಟದ ಕೂಟಗಳಲ್ಲಿ ಈ ಕತೆ ಚೆನ್ನಾಗಿ ಓಡುತ್ತದೆ. ಕೇಳಿದವರು ತಮ್ಮ ತಮ್ಮ ಊರು ನೆನೆಯುತ್ತಾರೆ, ಆಮೇಲೆ ಇನ್ನಷ್ಟು ಪಾಯಸ ಬಡಿಸಿಕೊಳ್ಳುತ್ತಾರೆ. ಎಲ್ಲರೂ ತಕ್ಷಣ ಒಪ್ಪುವ ಮಾತನ್ನು ಮೊದಲು ಅನುಮಾನಿಸಬೇಕು ಎಂದು ಶಾಲೆಯ ಚರ್ಚಾಸ್ಪರ್ಧೆಗಳು ನನಗೆ ಕಲಿಸಿವೆ. ಈ ಕತೆಯನ್ನು ನಾನು ಒಪ್ಪುವುದಿಲ್ಲ.

ಅಪ್ಪ ಶುವೈಖ್ ಬಂದರಿನ ಗೋದಾಮಿನಲ್ಲಿ ಎಂಜಿನಿಯರ್. ಎಪ್ಪತ್ತರ ದಶಕದ ಕೊನೆಯಲ್ಲಿ ಮರದ ದಿಮ್ಮಿ ತಂದ ಹಡಗಿನ ನಾವಿಕನೊಬ್ಬ ಅವರಿಗೆ ಬೆತ್ತದ ಪಂಜರ ಕೊಟ್ಟ. ಒಳಗೆ ಗುಬ್ಬಿಗಿಂತ ಚಿಕ್ಕ ಹಕ್ಕಿ. ನೀಲಿ ಬೆನ್ನು, ಇಟ್ಟಿಗೆ ಬಣ್ಣದ ಎದೆ, ಕೊಕ್ಕಿನ ಬುಡದಲ್ಲಿ ಬೆಕ್ಕಿನ ಮೀಸೆಯಂಥ ಕೂದಲು. ತನ್ನ ದ್ವೀಪದ ಕಾಡು ಬಿಟ್ಟರೆ ಇದು ಇನ್ನೆಲ್ಲೂ ಇಲ್ಲ ಎಂದನಂತೆ. ನೊಣ ಹಿಡಿದು ಅದಕ್ಕೆ ತಿನ್ನಿಸಿಯೂ ತೋರಿಸಿದನಂತೆ. ಇದನ್ನು ಮೊದಲ ದಿನ ನಗುತ್ತಾ ಹೇಳಿದವರು ಅಪ್ಪನೇ.

ಅಬು ಹಲೀಫಾದ ನಮ್ಮ ಫ್ಲ್ಯಾಟಿನೊಳಗೆ ಮೊಟ್ಟೆಯೂ ಬರುತ್ತಿರಲಿಲ್ಲ. ಅಮ್ಮ ನೆನೆಸಿದ ಹೆಸರುಬೇಳೆ ಇಟ್ಟರು, ಮೊಸರನ್ನ ಇಟ್ಟರು. ಹಕ್ಕಿ ಬೇಳೆಯನ್ನು ಕೊಕ್ಕಿನಿಂದ ಎತ್ತೆತ್ತಿ ಎಸೆಯುತ್ತಿತ್ತು. ಬಟ್ಟಲು ಖಾಲಿಯಾಗುತ್ತಿತ್ತು.

“ತಿಂತಾ ಇದೆ ನೋಡೇ,” ಎಂದು ಅಮ್ಮ ಮತ್ತೆ ತುಂಬುತ್ತಿದ್ದರು.

ಕೆಳಗಿನ ಮನೆಯ ಮಂಗಳೂರಿನ ಆಂಟಿ ಒಂದು ಸಂಜೆ ಬಂದು ಪಂಜರಕ್ಕೆ ಇಣುಕಿದರು. “ಇದರ ಎದೆಮೂಳೆ ಕಾಣ್ತದಲ್ಲ ಮಾರಾಯ್ರೆ. ಇದಕ್ಕೆ ಹುಳ ಬೇಕು. ನಮ್ಮಲ್ಲಿ ಜಿರಳೆಗೇನೂ ಬರ ಇಲ್ಲ, ಕೆಳಗೆ ಕಳಿಸಿ.”

“ನಮ್ಮನೆಗೆ ಬಂದಿದೆ, ನಮ್ಮನೆ ಊಟ ರೂಢಿ ಆಗತ್ತೆ ಬಿಡಿ,” ಎಂದರು ಅಪ್ಪ.

“ಹಾಗಾದ್ರೆ ಬೆಕ್ಕು ಸಾಕಿ, ಅದಕ್ಕೂ ಕೋಸಂಬರಿ ಹಾಕಿ.”

ಅಪ್ಪ ನಗಲಿಲ್ಲ.

ಆಂಟಿ ಹೋದ ಮೇಲೆ ನಾನು ವಾದಕ್ಕಿಳಿದೆ. ಸೆಖೆಗೆ ಸೊರಗಿದೆ ಎನ್ನುವಂತಿಲ್ಲ, ಎಸಿ ಓಡುತ್ತಲೇ ಇದೆ. ಕಾಯಿಲೆ ಎನ್ನುವಂತೆಯೂ ಇಲ್ಲ. ಹಿಂದಿನ ದಿನ ಬಾಗಿಲು ತೆರೆದಾಗ ನುಗ್ಗಿದ ನೊಣವೊಂದು ಪಂಜರ ಹೊಕ್ಕಿದ್ದೇ ತಡ, ಹಕ್ಕಿ ಗಾಳಿಯಲ್ಲೇ ಹಿಡಿದು ನುಂಗಿತ್ತು. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಇನ್ನೊಂದಕ್ಕೆ ಕಾಯುತ್ತ ಕೂತಿತ್ತು. ಅಮ್ಮ ಮುಖ ತಿರುಗಿಸಿ ನೊಣದ ಔಷಧಿ ಹೊಡೆದಿದ್ದರು.

“ಡಿಬೇಟು ಸ್ಕೂಲಲ್ಲಿ ಇಟ್ಕೋಮ್ಮ,” ಎಂದರು ಅಪ್ಪ. “ದೇವರ ಮುಂದೆ ಹುಳ ತಿನ್ನಿಸ್ತಾ ಕೂರಕ್ಕಾಗತ್ತಾ?”

“ಆಂಟಿಗೆ ಕೊಟ್ಟುಬಿಡಿ ಮತ್ತೆ.”

“ನಮ್ಮಲ್ಲಿ ತಿನ್ನದೇ ಇರೋದು ಅಲ್ಲಿ ಹೋಗಿ ತಿನ್ನತ್ತಾ? ಖಲಾಸ್.” ಗೋದಾಮಿನ ಆಳುಗಳಿಗೆ ಹೇಳುವ ಧಾಟಿಯಲ್ಲೇ ಹೇಳಿದರು.

ಒಂದು ಬೆಳಿಗ್ಗೆ ಹಕ್ಕಿ ಪಂಜರದ ತಳದಲ್ಲಿ, ಒಣಗಿದ ಬೇಳೆಯ ನಡುವೆ ಬಿದ್ದಿತ್ತು. ಎತ್ತಿದರೆ ಭಾರವೇ ಇರಲಿಲ್ಲ. ಅಮ್ಮ ಪಂಜರ ತೊಳೆದು ಬಾಲ್ಕನಿಯಲ್ಲಿ ಕವುಚಿದರು.

ಆ ಶುಕ್ರವಾರದ ಕೂಟದಲ್ಲೇ ಅಪ್ಪ ಶುರು ಮಾಡಿದ್ದರು: “ಎಷ್ಟು ಚೆನ್ನಾಗಿ ನೋಡ್ಕೊಂಡ್ರೂ ಊರು ಬಿಟ್ಟು ಬದುಕಲಿಲ್ಲ ನೋಡಿ.” ಎಲ್ಲರೂ ತಲೆದೂಗಿದರು.

ಮನೆಗೆ ಮರಳುವಾಗ ಕಾರಿನ ಹಿಂದಿನ ಸೀಟಿನಿಂದ ಕೇಳಿದೆ:

“ಅಪ್ಪ, ಕೆಳಗಿನ ಮನೇಲಿ ಅದು ಬದುಕ್ತಿತ್ತು ಅಂತ ನಿಮಗೆ ಗೊತ್ತಿತ್ತಲ್ವಾ?”