ಬ್ಯಾಡರಹಳ್ಳಿ ಮನೆಗೆ ಅಂಟಿಸಿದ ನೀಲಿ ಟೇಪು

ಮಸ್ಕತ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೆ ಮೂರು ವಸ್ತು ಕೊಟ್ಟರು. ಒಂದು ಹೆಲ್ಮೆಟ್ಟು, ತುದಿಯಲ್ಲಿ ಗೋಲಿಯಷ್ಟು ಉಕ್ಕಿನ ಗುಂಡಿದ್ದ ಒಂದು ಕೋಲು, ಒಂದು ಸುರುಳಿ ನೀಲಿ ಟೇಪು. ಕೊಟ್ಟ ಮ್ಯಾನೇಜರು ನನ್ನ ಹೆಸರನ್ನೂ ಕೇಳಲಿಲ್ಲ. ಚೆನ್ನಾಗಿರೋದನ್ನ ನೋಡಬೇಡಿ, ಅದಕ್ಕೆ ನಿಮ್ಮನ್ನ ಕರೆಸಿಲ್ಲ ಎಂದು ಹಿಂದಿಯಲ್ಲಿ ಹೇಳಿ ಹೊರಟುಹೋದ. ಬೆಳಗ್ಗೆ ಏಳು ಗಂಟೆಗೇ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಹಬೆ ಹೊಡೆಯುತ್ತಿತ್ತು. ಎತ್ತ ನೋಡಿದರೂ ಬೋಳು ಕಲ್ಲುಗುಡ್ಡ, ಬಿಳಿ ಕಟ್ಟಡ. ಅಯ್ಯೋ ಶಿವನೇ, ಎಲ್ಲಿಗೆ ಬಂದು ಬಿದ್ದೆ ಅಂದುಕೊಂಡೆ. ಇದು ಆರು ವರ್ಷದ ಹಿಂದಿನ ಮಾತು.

ನಾನು ಸಿವಿಲ್ ಎಂಜಿನಿಯರು. ಆದರೆ ಕಟ್ಟುವವಳಲ್ಲ, ಕಟ್ಟಿದ್ದರಲ್ಲಿ ತಪ್ಪು ಹುಡುಕುವವಳು. ನೆಲದ ಟೈಲ್ಸ್ ಮೇಲೆ ಕೋಲಿನಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಸದ್ದು ಬಂದರೆ ಮುಂದಕ್ಕೆ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟು ಸರಿಯಾಗಿ ಕೂತಿಲ್ಲ ಎಂದರ್ಥ, ಅಲ್ಲೊಂದು ತುಂಡು ಟೇಪು. ಬಣ್ಣ ತೇಪೆಯಾಗಿದ್ದರೆ ಟೇಪು, ಬಾಗಿಲು ನೆಲಕ್ಕೆ ಉಜ್ಜಿದರೆ ಟೇಪು. ಈಗ ಒಂದು ದೊಡ್ಡ ಹೋಟೆಲಿನ ರೂಮುಗಳನ್ನು ಹೀಗೆ ನೋಡುತ್ತಿದ್ದೇನೆ. ಮಾಲೀಕರಿಗೆ ಒಪ್ಪಿಸುವ ದಿನ ಹತ್ತಿರ ಬಂದಂತೆ ದಿನಕ್ಕೆ ಹದಿನೈದು ರೂಮು ಅಂತಾರೆ, ಇಪ್ಪತ್ತು ಅಂತಾರೆ. ಒಂದು ತಪ್ಪು ಕಣ್ಣು ತಪ್ಪಿಸಿದರೆ ಬೈಗುಳ. ಹೆಚ್ಚು ತಪ್ಪು ಹಿಡಿದರೆ ಕೆಲಸ ತಡ ಮಾಡಿಸಿದೆ ಎಂದು ಅದಕ್ಕೂ ನನಗೇ ಬೈಗುಳ. ಮೊದಲೆಲ್ಲ ಬಾತ್‌ರೂಮಿಗೆ ಹೋಗಿ ಅತ್ತು ಬರುತ್ತಿದ್ದೆ. ಆಮೇಲೆ ಅದೂ ನಿಂತಿತು.

ಬೆಂಗಳೂರಿನ ಹೊಸಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಪಕ್ಕದವರ ಕುಕ್ಕರ್ ಕೂಗಿದರೆ ನಮ್ಮಮ್ಮ ಎದ್ದು ಹೋಗಿ ನಮ್ಮ ಗ್ಯಾಸು ಆರಿಸುತ್ತಿದ್ದಳು. ಗೋಡೆ ಅಷ್ಟು ತೆಳ್ಳಗೆ, ಬದುಕು ಅಷ್ಟು ಒತ್ತೊತ್ತಾಗಿ. ಇಲ್ಲಿ ನನ್ನ ಫ್ಲಾಟಿನ ಎದುರು ಬಾಗಿಲಲ್ಲಿ ಯಾರಿದ್ದಾರೆಂದು ಎರಡು ವರ್ಷ ಗೊತ್ತೇ ಇರಲಿಲ್ಲ. ಖುಬೂಸ್ ಅಂತ ಮೈದಾದ ರೊಟ್ಟಿ ಸಿಗುತ್ತದೆ. ಶೇಂಗಾ ಚಟ್ನಿಪುಡಿ ಹಚ್ಚಿಕೊಂಡರೆ ಗಂಟಲಲ್ಲಿ ಇಳಿಯುತ್ತದೆ. ಭಾಷೆ ಬಹಳ ಬೇಕಾಗಿಲ್ಲ. 'ಯಲ್ಲಾ' ಅಂದರೆ ನಡಿ, ಬೇಗ. 'ಖಲಾಸ್' ಅಂದರೆ ಮುಗೀತು. ಖಲಾಸ್ ನಮಗೂ ಗೊತ್ತಿರುವ ಪದವೇ, ಆದರೆ ನಮ್ಮಲ್ಲಿ ಹಾಗಂದರೆ ಯಾರೋ ಸತ್ತಂತೆ. ಇಲ್ಲಿ ಮೀಟಿಂಗ್ ಮುಗಿದರೂ ಖಲಾಸ್, ಮೊಸರು ಮುಗಿದರೂ ಖಲಾಸ್. ಸೈಟಿನ ಗೇಟಿನಲ್ಲಿ ಕೂರುವ ಮುದುಕ ಸಲೀಮ್‌ಗೆ ನಾನು 'ಊಟ ಆಯ್ತಾ' ಕಲಿಸಿದ್ದೇನೆ. ಬೆಳಗ್ಗೆ ಏಳಕ್ಕೂ ಅದನ್ನೇ ಕೇಳುತ್ತಾನೆ. ನಾನೂ ಆಯ್ತು ಅನ್ನುತ್ತೇನೆ. ಆರು ವರ್ಷದಲ್ಲಿ ನನ್ನ ಗೆಲುವು ಅಂದರೆ ಇಷ್ಟೇ.

ನಮ್ಮ ಸೈಟಿನಲ್ಲಿ ಶಾಜಿ ಅಂತ ಕೇರಳದವನೊಬ್ಬ ಇದ್ದ. ಯಾವ ಕೆಲಸ ಯಾವತ್ತು ಮುಗಿಯಬೇಕೆಂದು ಲೆಕ್ಕ ಹಾಕುವ ಎಂಜಿನಿಯರು. ಹೋದ ವರ್ಷ ಒಂದು ದಿನ ಬೆಳಗ್ಗೆ ಬಂದವನು ಕಾರಿನಿಂದ ಇಳಿಯಲೇ ಇಲ್ಲ. ಎಂಜಿನ್ ಓಡುತ್ತಿತ್ತು, ಸೀಟ್ ಬೆಲ್ಟ್ ಹಾಕಿಕೊಂಡೇ ಇದ್ದ. ನಾನು ಗಾಜು ತಟ್ಟಿದೆ. "ಫೈವ್ ಮಿನಿಟ್ಸ್ ಮೇಡಂ" ಅಂದ. ಮಧ್ಯಾಹ್ನ ಹೋಗಿ ತಟ್ಟಿದಾಗಲೂ ಅದನ್ನೇ ಅಂದ. ಮರುವಾರ ಅವನನ್ನು ಊರಿಗೆ ಕಳಿಸಿದರು, ಅವನ ಕುರ್ಚಿಗೆ ಇನ್ನೊಬ್ಬ ಬಂದ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವತ್ತು ನಾನು ಗಮನಿಸಿದ್ದು ಕಾರನ್ನು ಅವನು ಸೊಟ್ಟಗೆ ನಿಲ್ಲಿಸಿದ್ದಾನೆ ಅನ್ನುವುದನ್ನು ಮಾತ್ರ.

ನನಗೆ ಮದುವೆಯಾಗಿಲ್ಲ. ವಾಪಸ್ ಹೋಗುವುದು ಅಂತಿದ್ದರೆ ಅದು ನನ್ನ ತಮ್ಮ ನಾಗರಾಜನ ಮನೆಗೇ. ಅಮ್ಮ ಇರುವುದೂ ಅವನ ಜೊತೆಯಲ್ಲೇ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಜನ್ಮವೆಲ್ಲ ಬಾಡಿಗೆ ಮನೆಯಲ್ಲಿ ಕಳೆದವನು ಈ ವರ್ಷ ಬ್ಯಾಡರಹಳ್ಳಿಯಲ್ಲಿ ಸ್ವಂತ ಮನೆ ಕಟ್ಟಿದ. ಗೃಹಪ್ರವೇಶಕ್ಕೆ ನಾನು ಐದು ದಿನದ ರಜೆ ಬೇಡಿ, ಬೈಸಿಕೊಂಡು, ಹಿಂದಿನ ದಿನ ಬೆಳಗ್ಗೆ ಬಂದಿಳಿದೆ.

ಮಧ್ಯಾಹ್ನ ಹೊಸ ಮನೆಗೆ ಕರೆದುಕೊಂಡು ಹೋದರು. ನಾಗ ಬಾಳೆಕಂದು, ಹೂವು ತರಲು ಹೋದ. ಅಮ್ಮನೂ ಅವನ ಹೆಂಡತಿ ಲತಾಳೂ ಅಂಗಳದಲ್ಲಿ ಮಾವಿನೆಲೆ ಪೋಣಿಸುತ್ತ ಕೂತರು. "ಅಕ್ಕ, ನೀವು ಆರಾಮಾಗಿ ಮನೆ ನೋಡ್ತಾ ಇರಿ" ಅಂದಳು ಲತಾ.

ನಾನು ನೋಡಿದೆ. ನನಗೆ ಗೊತ್ತಿರುವ ಹಾಗೆ ನೋಡಿದೆ. ಕೋಲು ಮಸ್ಕತ್‌ನಲ್ಲಿತ್ತು, ಬ್ಯಾಗಿನಲ್ಲಿ ಐದು ರೂಪಾಯಿ ನಾಣ್ಯವಿತ್ತು. ಟೇಪೂ ಇತ್ತು, ಅದು ಯಾವಾಗಲೂ ಇರುತ್ತದೆ. ಹಾಲ್‌ನಿಂದ ಶುರು ಮಾಡಿ ಅಡುಗೆಮನೆ, ದೇವರ ಕೋಣೆ, ಆಮೇಲೆ ಮೆಟ್ಟಿಲು ಹತ್ತಿ ಮೇಲಿನ ರೂಮು. ಆ ರೂಮಿನಲ್ಲಂತೂ ಯಾವ ಟೈಲ್ಸ್ ಮುಟ್ಟಿದರೂ ಟೊಳ್ಳು. ಕೈ ತಾನಾಗಿ ಟೇಪು ಹರಿಯುತ್ತಿತ್ತು, ಅಂಟಿಸುತ್ತಿತ್ತು. ಇದು ಯಾರ ಮನೆ ಎಂಬ ಯೋಚನೆ ಬರಲೇ ಇಲ್ಲ. ನಿಜ ಹೇಳುತ್ತೇನೆ, ಯಾವ ಯೋಚನೆಯೂ ಬರಲಿಲ್ಲ.

ನಾಗ ಬಂದು ಹಾಲ್‌ನಲ್ಲಿ ಬಾಳೆಕಂದು ಹೊತ್ತುಕೊಂಡೇ ನಿಂತುಬಿಟ್ಟ. "ಏನಕ್ಕ ಇದು? ನನ್ ಮನೆಗೆ ಬ್ಯಾಂಡೇಜ್ ಹಾಕಿದೀಯ?" ಅಂದ. ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಮೇಲೆ ಹತ್ತಿ ಹೋದ. ಇಳಿದು ಬಂದಾಗ ಅವನ ಮುಖ ಸಣ್ಣಗಾಗಿತ್ತು.

"ನಾಳೆ ಅಯ್ಯನೋರು ಬರ್ತಾರೆ, ನೂರು ಜನ ಬರ್ತಾರೆ. ಶುಭದ ಮನೇಲಿ ಇದೇನೇ ಮಾಡಿಟ್ಟೆ?" ಅಮ್ಮ ಹಣೆ ಚಚ್ಚಿಕೊಂಡಳು.

ಲತಾ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು. "ಅಕ್ಕ, ಮೇಲಿನ ರೂಮು ನಿಮಗೇ ಅಂತ ಕಟ್ಟಿಸಿದ್ದು. ಮೇಸ್ತ್ರಿ ಕೊನೇಲಿ ಕೈ ಕೊಟ್ಬಿಟ್ಟ. ಅಲ್ಲಿ ಟೈಲ್ಸ್ ಎಲ್ಲ ಇವರೇ ಕೂರಿಸಿದ್ದು. ಭಾನುವಾರ ಭಾನುವಾರ ಬಂದು, ಮಂಡಿ ಊದಿಸಿಕೊಂಡು."

ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಎದೆಯೊಳಗೆ ಹುಡುಕಿದೆ, ಏನೂ ಇರಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಕೆಳಗಿನದನ್ನೆಲ್ಲ ತೆಗೆದು, ಮೇಲೆ ಹೋಗಿ ನೆಲದ ಮೇಲೆ ಕೂತು ಒಂದೊಂದೇ ಟೇಪು ಕಿತ್ತೆ. ಎರಡು ಟೈಲ್ಸ್ ನಡುವೆ ಅವನ ಹೆಬ್ಬೆರಳಿನ ಗುರುತು ಸಿಮೆಂಟಿನಲ್ಲಿ ಹಾಗೇ ಉಳಿದಿತ್ತು. ಅದರ ಮೇಲೂ ಟೇಪು ಅಂಟಿಸಿದ್ದೆ ನಾನು.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಹಾಲು ಉಕ್ಕಿತು, ಪಾದಪೂಜೆಯಾಯಿತು, ಹೋಳಿಗೆ ಸಾಲಲಿಲ್ಲ. ನಾಗ ಎಲ್ಲರ ಎದುರು ನನ್ನ ಜೊತೆ ನಗುನಗುತ್ತಲೇ ಮಾತಾಡಿದ. ನಾನೊಬ್ಬಳೇ ಇದ್ದಾಗ ಮಾತಾಡಲಿಲ್ಲ. ಏರ್‌ಪೋರ್ಟಿಗೆ ಬಿಡಲೂ ಬರಲಿಲ್ಲ, ಅಂಗಡಿಯಲ್ಲಿ ಕೆಲಸ ಅಂದ. ವಿಮಾನದಲ್ಲಿ ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ವಾಪಸ್ ಹೋಗಲು ಇದ್ದ ಒಂದೇ ಮನೆಯನ್ನೂ ನಾನು ಫೇಲ್ ಮಾಡಿ ಬಂದೆನಾ?

ಮಸ್ಕತ್‌ಗೆ ಬಂದು ತಿಂಗಳಾಗುವಷ್ಟರಲ್ಲಿ ಮ್ಯಾನೇಜರು ಇನ್ನೆರಡು ವರ್ಷದ ಕೆಲಸದ ಕರಾರು ಪತ್ರ ಮುಂದಿಟ್ಟ. ಸಹಿ ಮಾಡದೆ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಹೂಂ ಅನ್ನಲೂ ಮನಸ್ಸಿಲ್ಲ, ಊಹೂಂ ಅನ್ನಲೂ ಧೈರ್ಯವಿಲ್ಲ. ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ ಕೆಲಸ ನಿಲ್ಲಿಸುತ್ತಾರೆ, ಕೂಲಿಯವರೆಲ್ಲ ನೆರಳಲ್ಲಿ ಮಲಗುತ್ತಾರೆ. ಮೊನ್ನೆ ಅಂಥ ಹೊತ್ತಿನಲ್ಲಿ ನಾನು ನಾಲ್ಕನೇ ಮಹಡಿಯ ರೂಮೊಂದರಲ್ಲಿ ತಟ್ಟುತ್ತಿದ್ದಾಗ ನಾಗನ ಫೋನು ಬಂತು. ಗೃಹಪ್ರವೇಶವಾದ ಮೇಲೆ ಅವನಾಗಿ ಮಾಡಿದ ಮೊದಲ ಫೋನು.

"ಅಕ್ಕ, ನಿನ್ ರೂಮಲ್ಲಿ ಒಂದು ಟೇಪ್ ಉಳ್ಕೊಂಡಿದೆ. ಬಾಗಿಲ ಹಿಂದೆ, ಗೋಡೆ ಮೇಲೆ."

"ತೆಗೆದುಬಿಡೋ."

"ಅಲ್ಲಿ ಏನು ತಪ್ಪಿದೆ ಹೇಳು. ನಾನೂ ನೋಡ್ದೆ, ಪೇಂಟರ್‌ನೂ ಕರೆಸಿ ತೋರಿಸ್ದೆ. ಏನೂ ಕಾಣ್ತಿಲ್ಲ."

ನೆನಪು ಮಾಡಿಕೊಳ್ಳಲು ನೋಡಿದೆ. ಆ ಗೋಡೆ ಕಣ್ಣಿಗೆ ಬರಲಿಲ್ಲ. ಅಲ್ಲಿ ತಪ್ಪೇನೂ ಇದ್ದಿರಲಿಕ್ಕಿಲ್ಲ. ಕೈ ಸುಮ್ಮನೆ ಅಂಟಿಸಿರಬೇಕು.

"ಗೊತ್ತಿಲ್ಲ ಕಣೋ ನಾಗ" ಅಂದೆ.

ಆ ಕಡೆ ಅಂಗಡಿಯಲ್ಲಿ ಯಾವುದೋ ಮೋಟರು ತಿರುಗುವ ಸದ್ದು ಬರುತ್ತಿತ್ತು.

"ಹಂಗಾದ್ರೆ ನಾನ್ ತೆಗೆಯಲ್ಲ, ಬಿಡು. ನೀನೇ ಬಂದು ನೋಡಿ ತೆಗಿ."

ಸರಿ ಅಂದೆ. ಫೋನಿಟ್ಟ ಮೇಲೆ ಅದೇ ರೂಮಿನ ನೆಲವನ್ನು ಮತ್ತೆ ತಟ್ಟಲು ಶುರು ಮಾಡಿದೆ. ಆದರೆ ಸದ್ದು ಗಟ್ಟಿಯೋ ಟೊಳ್ಳೋ ತಿಳಿಯದೆ ಅದೇ ಟೈಲ್ಸನ್ನು ಬಹಳ ಹೊತ್ತು ತಟ್ಟುತ್ತ ಕೂತಿದ್ದೆ.