ನೀಲತ್ತೆ ಓದಿದ ಪ್ರೇಮಕಾದಂಬರಿಗಳು

ಮಳೆ ಹೊಳವಾಗಿ ಬಿಸಿಲು ಬಿದ್ದ ದಿನ ದಾಂಡೇಲಿಯಲ್ಲಿ ಒಂದು ವಾಸನೆ ಏಳುತ್ತಿತ್ತು. ಕಾಗದದ ಕಾರ್ಖಾನೆಯ ಅಂಗಳದಲ್ಲಿ ಗುಡ್ಡದ ಹಾಗೆ ಒಟ್ಟಿದ ಬಿದಿರು ನೆನೆದು, ಒಳಗೆ ಬಿದಿರು ಬೇಯಿಸುವ ಹಬೆ ಹೊರಬಿದ್ದು, ಎರಡೂ ಕೂಡಿ ಕೊಳೆತ ಕೋಸಿನಂಥ ಒಂದು ನಾತವಾಗಿ ನಾವಿದ್ದ ಅಂಬೇವಾಡಿಯ ತನಕ ಬರುತ್ತಿತ್ತು. ಧಾರವಾಡದ ಕಡೆಯಿಂದ ಬಂದ ನೆಂಟರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ನಮಗೆ ಅದು ಮನೆಯ ವಾಸನೆ. ಮೊನ್ನೆ ಬಸ್ಸಿನಲ್ಲಿ ಹೋಗುವಾಗ ಯಾವುದೋ ಊರಿನ ಹೊರಗೆ ಅಂಥದೇ ವಾಸನೆ ಕಿಟಕಿಯಿಂದ ಒಳಬಂತು. ಪಕ್ಕದವರು ಕಿಟಕಿ ಮುಚ್ಚಿದರು. ನನಗೆ ಮಾತ್ರ ಅಪ್ಪನ ತಂಗಿ ನೀಲತ್ತೆ ನಡುಮಧ್ಯಾಹ್ನ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ತೊಡೆಯ ಮೇಲೆ ಕಾದಂಬರಿ ಹರವಿಕೊಂಡು ಕೂತದ್ದು ಕಂಡಿತು.

ಅಪ್ಪ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಸೇರಿ ಅಂಬೇವಾಡಿಯ ಸಾಲುಮನೆಗಳ ಚಾಳದಲ್ಲಿ ಕೊನೆಯ ಮನೆ ಹಿಡಿದಿದ್ದ. ಮುಂದೆ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಕಟ್ಟಿಗೆ ಒಟ್ಟುವ ಒಂದು ಸಣ್ಣ ಕೋಣೆ. ಹಳ್ಳಿಯಲ್ಲಿ ಅಜ್ಜಿ ತೀರಿಕೊಂಡ ಮೇಲೆ ನೀಲತ್ತೆ ನಮ್ಮ ಜೊತೆ ಇರಲು ಬಂದಳು. ಅವಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಚಾಳದ ಹೆಂಗಸರಲ್ಲಿ ಕನ್ನಡವನ್ನು ತಡವರಿಸದೆ ಓದುವವಳು ಅವಳೊಬ್ಬಳೇ. ಬಂಗೂರನಗರದ ದಾರಿಯಲ್ಲಿ ಒಂದು ಪುಟ್ಟ ವಾಚನಾಲಯವಿತ್ತು. ಅಪ್ಪ ಅಲ್ಲಿಂದ ಸಂತೆಯ ಚೀಲದಲ್ಲೇ ಕಾಯಿಪಲ್ಲೆಯ ಜೊತೆ ಕಾದಂಬರಿ ತರುತ್ತಿದ್ದ. ಮಧ್ಯಾಹ್ನ ಹೆಂಗಸರು ಜೋಳ ಹಸನು ಮಾಡಲು ಮೊರ ಹಿಡಿದು ನಮ್ಮ ಪಡಸಾಲೆಗೆ ಬಂದರೆ ಅತ್ತೆ ಓದುತ್ತಿದ್ದಳು. ಪಕ್ಕದ ಮನೆಯ ಶಾಂತಾಬಾಯಿ ಜೋಯಿಡಾದ ಕಡೆಯವಳು, ಮನೆಮಾತು ಕೊಂಕಣಿ. ಅರ್ಧ ತಿಳಿದು ಅರ್ಧ ತಿಳಿಯದೆಯೂ ಅಳುವ ಜಾಗ ಬಂದರೆ ಎಲ್ಲರಿಗಿಂತ ಮೊದಲು ಅವಳೇ ಅಳುತ್ತಿದ್ದಳು.

ಬರುತ್ತಿದ್ದ ಪುಸ್ತಕಗಳೆಲ್ಲ ಪ್ರೇಮದವೇ. ಕೆಲವು ಈ ಕಾಲದವು: ಪಟ್ಟಣದ ಬಂಗಲೆ, ಕಾರು, ಮಳೆಯಲ್ಲಿ ಕಾಲು ಜಾರುವ ಹುಡುಗಿ, ಹಿಡಿದುಕೊಳ್ಳಲು ಸರಿಯಾಗಿ ಅಲ್ಲೇ ನಿಂತಿರುವ ಡಾಕ್ಟರು. ಇನ್ನು ಕೆಲವು ಎಲ್ಲಿಯೂ ಇಲ್ಲದ ರಾಜ್ಯದವು: ಶಾಪ ಬಿದ್ದ ಗಂಧರ್ವ, ಕೊಳದ ತಳದಲ್ಲಿ ಅರಮನೆ ಕಟ್ಟಿಕೊಂಡ ರಾಣಿ, ಮುಟ್ಟಿದರೆ ಕಲ್ಲಾಗುವ ಪ್ರಿಯತಮ. ಮುಗಿದ ಕೂಡಲೇ ಅತ್ತೆ ಪುಸ್ತಕ ಮುಚ್ಚಿ ರೊಟ್ಟಿಯ ಬಗ್ಗೆ ಹೇಳುವಂತೆ ತೀರ್ಪು ಹೇಳುತ್ತಿದ್ದಳು: “ಬೆಂದೈತಿ,” ಇಲ್ಲವೆ “ಹಸಿ ಉಳದೈತಿ.” ಬಂಗಲೆಯ ಕಾದಂಬರಿಗಳು ಹೆಚ್ಚಾಗಿ ಹಸಿಯೇ. “ಇಷ್ಟು ಮಂದಿ ಉಣತಾರ, ಚಹಾ ಕುಡೀತಾರ, ಮುಸುರಿ ಯಾರು ತಿಕ್ಕತಾರ ಇವರ ಮನ್ಯಾಗ?” ಎಂದು ಅವಳು ಕೇಳಿದರೆ ಮೊರಗಳು ನಿಂತು ಪಡಸಾಲೆಯೆಲ್ಲ ನಗುತ್ತಿತ್ತು. ಶಾಂತಾಬಾಯಿಗೆ ಮಾತ್ರ ಆ ಡಾಕ್ಟರೇ ಬೇಕು. “ಲಗ್ನ ಆಯ್ತಲ್ಲ ಕಡೀಗೆ, ಮತ್ತೇನು ಬೇಕು ನಿಂಗೆ?” ಎಂದು ಅವಳು ಜಗಳಕ್ಕೇ ಬರುತ್ತಿದ್ದಳು. ಅತ್ತೆ ಗಂಧರ್ವನ ಪಕ್ಷ. ಯಾಕೆಂದು ಕೇಳಿದ ಅವ್ವನಿಗೆ ಒಮ್ಮೆ ಹೇಳಿದಳು: “ಇದು ಸುಳ್ಳು ಅಂತ ಅಂವ ಮೊದಲ ಹೇಳಿ ಕುಂತಾನ, ವೈನಿ. ಡಾಕ್ಟರಂದು ಹಂಗಲ್ಲ. ಖರೇ ಅಂತ ಆಣಿ ಮಾಡಿ ಸುಳ್ಳು ಹೇಳತಾರ.”

ಅಂಥವಳನ್ನು ನೋಡಲು ಗುರುಪಾದ ಬಂದ. ಬೆಳಗಾವಿ ಜಿಲ್ಲೆಯವನು, ಕಾರ್ಖಾನೆಯಲ್ಲೇ ಗುಮಾಸ್ತ. ತೆಳ್ಳಗೆ, ಮಾತಿಗೊಮ್ಮೆ ಕೊರಳಪಟ್ಟಿ ಸರಿಮಾಡಿಕೊಳ್ಳುವ ಸ್ವಭಾವ. ಹಿರಿಯರೆಲ್ಲ ಮಾತು ಸಾಲದೆ ಕೂತಾಗ ಅವನೇ ಕೇಳಿದ: “ಓದತೀರಂತಲ್ಲ, ಎಂಥಾ ಪುಸ್ತಕ ಸೇರತಾವ್ರಿ?” ಅತ್ತೆ ತಲೆ ಎತ್ತದೆ, “ನಾಯಕ ಒಮ್ಮೆರೆ ಹಸದು ಕುಂತಿರಬೇಕ್ರಿ. ಅಂಥಾವು ಸೇರತಾವ” ಎಂದಳು. ಅಪ್ಪನ ಮುಖ ಬಿಳಿಚಿತು. ಗುರುಪಾದ ನಕ್ಕ, ಅವನ ನಗು ಅವನ ಮೈಗಿಂತ ದೊಡ್ಡದಾಗಿತ್ತು. ನಿಶ್ಚಯವಾಯಿತು, ಮುಂದಿನ ಬೇಸಿಗೆಗೆ ಮದುವೆ ಎಂದಾಯಿತು. ಅಂದಿನಿಂದ ಕಾದಂಬರಿ ಆರಿಸಿ ಅಪ್ಪನ ಕೈಗೆ ಕೊಡುವವನು ಅವನೇ ಆದ. ತೀರ್ಪು ಒಯ್ಯುವ ಕೆಲಸ ಅಪ್ಪನ ಕೊರಳಿಗೆ ಬಿತ್ತು. ಪಾಪ, ಅಪ್ಪ ನಾಚಿಕೆಯಿಂದ ಬಾಗಿಲಲ್ಲಿ ನಿಂತು, “ಏನಂತ ಹೇಳಲೆವಾ ಅವಗ?” ಎಂದು ಕೇಳುತ್ತಿದ್ದ. “ನಾಯಕ ಅವ್ವನ ಸೆರಗು ಇನ್ನೂ ಬಿಟ್ಟಿಲ್ಲ ಅಂತ ಹೇಳಣ್ಣಾ,” ಎನ್ನುತ್ತಿದ್ದಳು. ಅಪ್ಪ ಅದನ್ನು ಹಾಗೆಯೇ ಹೇಳುತ್ತಿದ್ದನೋ ಏನೋ, ಆದರೆ ಮುಂದಿನ ವಾರದ ಪುಸ್ತಕ ಸ್ವಲ್ಪ ಹೆಚ್ಚು ಬೆಂದಿರುತ್ತಿತ್ತು. ನಮ್ಮ ಮನೆ ಹಾಗೆ ನಗುತ್ತಿದ್ದುದು ಆ ಕೆಲವು ತಿಂಗಳು ಮಾತ್ರ.

ಮಳೆಗಾಲದಲ್ಲಿ ಹಿಡಿದ ಕೆಮ್ಮು ದೀಪಾವಳಿಗೂ ಬಿಡಲಿಲ್ಲ. ಸಂಜೆಯಾದರೆ ಅತ್ತೆಯ ಕಣ್ಣು ಜ್ವರದಿಂದ ಹೊಳೆಯುತ್ತಿತ್ತು. ಓದುವಾಗ ವಾಕ್ಯದ ನಡುವೆ ಉಸಿರು ಸಾಲದೆ ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಎಲ್ಲ ಹೆಂಗಸರ ಎದುರಿಗೇ ಕೆಮ್ಮು ಬಂದು, ಬಾಯಿಗೆ ಹಿಡಿದ ಸೆರಗು ಕೆಂಪಾಯಿತು. ಒಬ್ಬೊಬ್ಬರೇ ಮೊರ ಎತ್ತಿಕೊಂಡು ಎದ್ದು ಹೋದರು; ಮರುದಿನದಿಂದ ಬರಲಿಲ್ಲ. ದವಾಖಾನೆಯಲ್ಲಿ ಕ್ಷಯ ಎಂದರು. ಕಟ್ಟಿಗೆಯ ಕೋಣೆಯನ್ನು ತೆರವು ಮಾಡಿ, ಸುಣ್ಣ ಬಳಿದು, ಅತ್ತೆಯನ್ನು ಅಲ್ಲಿ ಇರಿಸಿದರು. ಅವಳ ತಾಟು ಬೇರೆ, ತಂಬಿಗೆ ಬೇರೆ. ಸೂಜಿ ಚುಚ್ಚಿಸಿದರು, ಬೆಳಗಾವಿಯ ಕಡೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಜಾಗಕ್ಕಾಗಿ ಅಪ್ಪ ಓಡಾಡಿದ. ಸುದ್ದಿ ಊರಾಯಿತು. ವಾಚನಾಲಯದವನು ಅಪ್ಪನ ಕೈಯಿಂದ ಉಳಿದ ನಾಲ್ಕಾರು ಪುಸ್ತಕಗಳನ್ನು ವಾಪಸು ಇಸಿದುಕೊಳ್ಳಲಿಲ್ಲ. “ನೀವ ಇಟ್ಕೊಳ್ರಿ, ಇನ್ನ ಮುಂದ ಬರಬ್ಯಾಡ್ರಿ” ಎಂದನಂತೆ. ಆ ದಿನ ಅಪ್ಪ ಕಾಯಿಪಲ್ಲೆಯನ್ನೂ ತರದೆ, ಚೀಲದಲ್ಲಿ ಆ ಪುಸ್ತಕಗಳನ್ನಷ್ಟೇ ಹೊತ್ತು ಬಂದ.

ಗುರುಪಾದನ ತಂದೆ ಬಂದು, ನಿಶ್ಚಯದಲ್ಲಿ ನಾವು ಕೊಟ್ಟ ಧೋತರ ಜೋಡಿಯನ್ನು ಕಟ್ಟೆಯ ಮೇಲಿಟ್ಟು, ನೀರನ್ನೂ ಕುಡಿಯದೆ ಹೋದರು. ಚಾಳದಲ್ಲಿ ನಮ್ಮ ಮನೆಗೆ ಬರುವುದನ್ನು ಬಿಡದವಳು ಶಾಂತಾಬಾಯಿ ಒಬ್ಬಳೇ. ಅವಳು ಹಿತ್ತಲಲ್ಲಿ ನಿಂತು, ಕೋಣೆಯ ಕಿಟಕಿಯ ಕಡೆ ಮುಖ ಮಾಡಿ, “ಅವನ ಅಪ್ಪ ಬಿಟ್ರೇನು, ಹುಡುಗ ಬರ್ತಾನೆ. ನೋಡ್ತಾ ಇರು ನೀಲಾ, ಅವನು ಬರ್ತಾನೆ” ಎನ್ನುತ್ತಿದ್ದಳು. ಒಳಗಿನಿಂದ ಅತ್ತೆ, “ಬರಬಾರದು ಬಾಯಿ. ಬಂದ್ರ ಶ್ಯಾಣ್ಯಾ ಅಲ್ಲಂವ” ಎನ್ನುತ್ತಿದ್ದಳು.

ಆದರೆ ಅವನು ಬಂದ. ಒಂದು ಮುಸ್ಸಂಜೆ ಹಿತ್ತಲ ಬೇಲಿಯ ಆಚೆ, ಬಗಲಲ್ಲಿ ಒಂದು ಪುಸ್ತಕ ಹಿಡಿದು ನಿಂತಿದ್ದ. ನಾನು ಒಗೆಯುವ ಕಲ್ಲಿನ ಹತ್ತಿರ ಇದ್ದೆ. ಅತ್ತೆ ಕಿಟಕಿಯ ಸರಳು ಹಿಡಿದು ಎದ್ದು ನಿಂತಳು. “ಅಲ್ಲೇ ನಿಲ್ರಿ. ಗಾಳಿ ಈ ಕಡಿಂದ ಬೀಸತೈತಿ” ಎಂದಳು. ಅವನು ನಿಂತಲ್ಲೇ ನಿಂತ. ಕೊರಳಪಟ್ಟಿಗೆ ಕೈ ಹೋಯಿತು. “ಅಪ್ಪ ಒಪ್ಪವಲ್ಲರು. ಇಬ್ಬರು ತಂಗೇರು ಅದಾರ, ಅವರ ಮದವಿ…” ಎಂದವನು ಬಗಲಿನ ಪುಸ್ತಕವನ್ನು ಕೈಗೆ ತೆಗೆದುಕೊಂಡ. ಅತ್ತೆ ಬಹಳ ಮೆತ್ತಗೆ, “ನನಗ ತಿಳೀತೈತ್ರಿ. ನೀವು ಮನಿಗೆ ಹೋಗ್ರಿ, ಕತ್ತಲಾಗತೈತಿ” ಎಂದಳು. ಅವನು ಪುಸ್ತಕವನ್ನು ಬೇಲಿಯ ಕಲ್ಲಿನ ಮೇಲಿಟ್ಟು ತಲೆ ತಗ್ಗಿಸಿ ಹೋದ. ತಿರುಗಿ ನೋಡಲಿಲ್ಲ. ಅತ್ತೆ ಸರಳು ಹಿಡಿದುಕೊಂಡು ಬೇಲಿಯ ಕಡೆಗೇ ನೋಡುತ್ತ ನಿಂತಿದ್ದಳು. ಅವ್ವ ಬಂದು ಗದರಿಸಿದ ಮೇಲೆಯೇ ಮಲಗಿದ್ದು.

ಪುಸ್ತಕ ಹಿಡಿಯುವ ಶಕ್ತಿ ಅವಳ ಕೈಯಲ್ಲಿ ಉಳಿದಿರಲಿಲ್ಲ. ನಾನು ಕಿಟಕಿಯ ಹೊರಗೆ ದೂರದಲ್ಲಿ ಕೂತು ಗಟ್ಟಿಯಾಗಿ ಓದುವುದೆಂದು ಅವ್ವ ಒಪ್ಪಿದಳು. ಬೇಲಿಯ ಮೇಲಿಟ್ಟ ಆ ಪುಸ್ತಕವನ್ನು ಗುರುಪಾದ ಓದದೆಯೇ ತಂದಿದ್ದನೆಂದು ಕಾಣುತ್ತದೆ, ಯಾಕೆಂದರೆ ಕಾದಂಬರಿಯ ನಾಯಕಿಗೂ ಕ್ಷಯವೇ. ಅವಳು ಬಂಗಲೆಯ ಮಹಡಿಯಲ್ಲಿ ಬಿಳಿಯ ಹಾಸಿಗೆಯಲ್ಲಿ ಮಲಗಿರುತ್ತಿದ್ದಳು. ಕೆಮ್ಮಿದರೆ ಕರವಸ್ತ್ರದ ಮೇಲೆ ಗುಲಾಬಿಯ ಪಕಳೆಯಂತೆ ಒಂದೇ ಒಂದು ಹನಿ ಬೀಳುತ್ತಿತ್ತು. ಒಳಗಿನಿಂದ ಅತ್ತೆ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಅವ್ವ ಉಗುಳಲು ಬೂದಿ ಹಾಕಿದ ಡಬ್ಬಿ ಹಿಡಿದು ಓಡಿ ಬಂದಳು. ಆಮೇಲೆ ಅತ್ತೆ ಹೇಳಿದಳು: “ಇದನ್ನ ಬರದಾಂವ ಇಂಥಾ ಕೋಣ್ಯಾಗ ಒಮ್ಮೆನೂ ಕುಂತಿಲ್ಲ, ಸರೂ. ಆಕಿ ಮೈ ನಾರಂಗಿಲ್ಲ. ಆಕಿಗೆ ಯಾರ ಮ್ಯಾಲೂ ಸಿಟ್ಟ ಬರಂಗಿಲ್ಲ. ನನಗ ನಿಮ್ಮವ್ವನ ಮ್ಯಾಲೂ ಸಿಟ್ಟ ಬರತೈತಿ, ಆಕಿ ಗಟ್ಟಿಮುಟ್ಟ ಅದಾಳಂತ.” ಅವ್ವ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡು, ಡಬ್ಬಿಗೆ ಹೊಸ ಬೂದಿ ತುಂಬಲು ಹೋದಳು.

ನಾನು ಪುಸ್ತಕ ಮುಚ್ಚಹೋದೆ. “ನಿಲ್ಲಸಬ್ಯಾಡ. ಓದು” ಎಂದಳು. ಓದಿದೆ. ಕಡೆಯ ಭಾಗದಲ್ಲಿ ನಾಯಕ ಮನೆಯವರನ್ನೆಲ್ಲ ಧಿಕ್ಕರಿಸಿ, ಮಹಡಿಯ ಮೆಟ್ಟಿಲು ಏರಿ, ಬಾಗಿಲು ತಳ್ಳಿ ಒಳಬಂದು, ಅವಳ ಕೈ ಹಿಡಿದು ಹಾಸಿಗೆಯ ಮೇಲೆಯೇ ಕೂರುತ್ತಾನೆ. ಪುಟ ಮುಗಿಯಿತು. ಅತ್ತೆಗೆ ನಿದ್ದೆ ಹತ್ತಿತೆಂದು ನಾನು ಏಳುವಷ್ಟರಲ್ಲಿ ಅವಳ ದನಿ ಬಂತು. “ಬಾಗಿಲಾ ತಳ್ಳಿ ಬರತಾನಲ್ಲ, ಅದನ್ನ ಇನ್ನೊಮ್ಮೆ ಓದವಾ.”

ಮುಂದಿನ ದಿನಗಳಲ್ಲಿ ಅವಳು ಕೇಳಿದ್ದು ಆ ಪುಟ ಒಂದನ್ನೇ. ಅದು ಬೆಂದಿದೆ ಎಂದಾಗಲಿ ಹಸಿ ಎಂದಾಗಲಿ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತೆಂಬ ಸುದ್ದಿ ಬರುವ ಹೊತ್ತಿಗೆ ಅವಳನ್ನು ಸಾಗಿಸುವ ಹಾಗಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅವ್ವ ಗಂಜಿ ಒಯ್ದಾಗ, ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಬರಲು ಅಂಜಿದ ಜನ ದೂರ ನಿಂತು ನೋಡಿದರು, ಹೊರಲು ಮಂದಿ ಸಾಲದೆ ಅಪ್ಪ ಕಾರ್ಖಾನೆಯ ತನ್ನ ಪಾಳಿಯವರನ್ನು ಕೈಮುಗಿದು ಕರೆತಂದ. ಮಣ್ಣು ಮಾಡಿ ಬಂದವನೇ ಹಿತ್ತಲಲ್ಲಿ ಅವಳ ಹಾಸಿಗೆ, ಕೌದಿ, ಸೀರೆ ಎಲ್ಲ ಒಟ್ಟಿ ಬೆಂಕಿ ಇಟ್ಟ. ಕೊನೆಗೆ ಪುಸ್ತಕಗಳು. ಅವನ್ನು ಒಂದೊಂದಾಗಿ ಹಾಕುವಾಗ ಅಪ್ಪ ಪ್ರತಿಯೊಂದರ ಹೆಸರನ್ನೂ ಓದಿ ಹಾಕಿದ. ನೀಲತ್ತೆ ಸತ್ತಾಗ ಅಳದಿದ್ದ ಅಪ್ಪ ಆ ಬೆಂಕಿಯ ಮುಂದೆ ಹುಡುಗನ ಹಾಗೆ ಅತ್ತ.

ಗುರುಪಾದನ ಮದುವೆ ಮರುವರ್ಷವೇ ಆಯಿತು. ಅವನನ್ನು ಕೆಟ್ಟವನೆನ್ನಲು ನನಗೆ ಆಗಲೂ ಬಾಯಿ ಬರಲಿಲ್ಲ, ಈಗಲೂ ಬರುವುದಿಲ್ಲ. ದಾರಿಯಲ್ಲಿ ಅಪ್ಪನನ್ನು ಕಂಡರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದನಂತೆ.

ಒಂದು ಮಧ್ಯಾಹ್ನ ಚಾಳದ ಇನ್ನೊಂದು ತುದಿಯಲ್ಲಿ ಹೊಸದಾಗಿ ಬಂದ ಹೆಂಗಸರ ನಡುವೆ ಶಾಂತಾಬಾಯಿ ಏನೋ ಹೇಳುತ್ತಿದ್ದಳು. ನಾನೂ ಅವ್ವನೂ ನೀರಿನ ಕೊಡ ಹೊತ್ತು ಅಲ್ಲಿಂದಲೇ ಬರುತ್ತಿದ್ದೆವು. ನೀಲಾ ಎಂಬ ಹೆಸರು ಕಿವಿಗೆ ಬಿತ್ತು. ಶಾಂತಾಬಾಯಿಯ ಕತೆಯಲ್ಲಿ ಗುರುಪಾದ ಬೇಲಿ ಹಾರಿದ್ದ. ಕೋಣೆಗೆ ಬಂದಿದ್ದ, ತನ್ನ ಅಪ್ಪನ ಮಾತು ಮೀರಿ ಕಡೆಯ ದಿನದ ತನಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೇಳುತ್ತಿದ್ದ ಹೆಂಗಸರು ಕಣ್ಣು ಒರೆಸಿಕೊಳ್ಳುತ್ತಿದ್ದರು. “ಅವ್ವಾ, ಅದು ಸುಳ್ಳು! ಹೋಗಿ ಹೇಳು” ಎಂದು ನಾನು ಅವ್ವನ ಸೆರಗು ಜಗ್ಗಿದೆ. ಅವ್ವ ಕೊಡವನ್ನು ಕೆಳಗಿಳಿಸಿ, ಸಿಂಬೆ ಸರಿಮಾಡಿಕೊಳ್ಳುವ ನೆಪದಲ್ಲಿ, ಶಾಂತಾಬಾಯಿಯ ಕತೆ ಮುಗಿಯುವ ತನಕ ನಿಂತಳು. ಆಮೇಲೆ ಕೊಡ ಎತ್ತಿ ತಲೆಯ ಮೇಲಿಟ್ಟುಕೊಂಡು, “ಇರಲಿ ಬಿಡು. ಯಾರರೆ ಒಬ್ಬರ ಬಾಯಾಗ ಆಕಿ ಹಂಗ ಇರಲಿ” ಎಂದಳು.

ಶಾಂತಾಬಾಯಿ ಇಲ್ಲ, ಅಪ್ಪ ಅವ್ವ ಇಲ್ಲ, ಆ ಚಾಳದ ಹಂಚು ಇಳಿಸಿಯೂ ಎಷ್ಟೋ ಕಾಲವಾಯಿತು. ನೀಲತ್ತೆಗೆ ನಿಜವಾಗಿ ಏನಾಯಿತೆಂದು ಬಲ್ಲವಳು ಈಗ ನಾನೊಬ್ಬಳೇ. ಮೊಮ್ಮಕ್ಕಳು ಅವಳ ಬಗ್ಗೆ ಕೇಳಿದಾಗ ನಾನು ಹೇಳಲು ಶುರುಮಾಡುತ್ತೇನೆ. ಅವನು ಬೇಲಿಯ ಆಚೆ ಬಂದು ನಿಂತ ಎನ್ನುವಲ್ಲಿಗೆ ಬಂದಾಗ, ಅವನು ಬೇಲಿ ಹಾರಿದ ಎಂಬ ಶಾಂತಾಬಾಯಿಯ ಮಾತೂ ನಾಲಗೆಗೆ ಬಂದು ನಿಲ್ಲುತ್ತದೆ, ಆ ಮಕ್ಕಳು ಮುಂದೇನೆಂದು ನನ್ನ ಮುಖವನ್ನೇ ನೋಡುತ್ತ ಕೂತಿರುತ್ತವೆ.